ಅಪ್ಪನ ಕಣ್ಣು ಪರೀಕ್ಷೆಗೆ ಹೋಗಬೇಕು, ಡ್ರಾಪ್ಸ್ ಬೇಡ ಎನ್ನುತ್ತಿದ್ದಾರೆ

ಪ್ರಶ್ನೆ (ಶಿಡ್ಲಘಟ್ಟ): ನಮಸ್ಕಾರ ಮೇಡಂ. ನಮ್ಮ ಅಪ್ಪನಿಗೆ 54 ವರ್ಷ. ಮೊದಲಿನಿಂದಲೂ ರೇಷ್ಮೆ ನೂಲು ಬಿಚ್ಚುವ ಕೆಲಸ. ಆರು ವರ್ಷದಿಂದ ಶುಗರ್ ಇದೆ. ಈಗೀಗ ಬಿಸಿನೀರಲ್ಲಿರುವ ಗೂಡಿನ ಎಳೆ ಸರಿಯಾಗಿ ಕಾಣುತ್ತಿಲ್ಲ. ಸಂತೆಯಲ್ಲಿ ತಂದ ರೆಡಿಮೇಡ್ ಕನ್ನಡಕದಲ್ಲೇ ಕಾಲ ತಳ್ಳುತ್ತಿದ್ದಾರೆ. ಸೋಮವಾರ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗುತ್ತೇನೆ. ಆದರೆ "ಡ್ರಾಪ್ಸ್ ಹಾಕಿದ್ರೆ ದಿನವೆಲ್ಲ ಕಣ್ಣೇ ಕಾಣಲ್ಲ, ಅದೊಂದು ಬೇಡ" ಎಂದು ಹಟ ಹಿಡಿದಿದ್ದಾರೆ. ಅಲ್ಲಿ ಏನೇನು ಮಾಡುತ್ತಾರೆ?

ಉತ್ತರ (ಆಪ್ಟೊಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷೆ ಮಾಡುವವರು): ಅಪ್ಪನಿಗೆ ಆ ಡ್ರಾಪ್ಸೇ ಮುಖ್ಯ. ಅದನ್ನು ಬಿಡಿಸಬೇಡಿ.

ಮೊದಲು ಒಂದು ಮೆಷಿನ್ ಮುಂದೆ ಕೂರಿಸಿ ಒಳಗಿನ ಚಿತ್ರ ನೋಡಲು ಹೇಳುತ್ತಾರೆ. ಅದು ಪವರ್‌ನ ಅಂದಾಜು ಅಷ್ಟೇ. ಆಮೇಲೆ 6 ಮೀಟರ್ ದೂರದ ಬೋರ್ಡ್. ಓದು ಬಾರದಿದ್ದರೂ ತೊಂದರೆಯಿಲ್ಲ, ಗುರುತು ಯಾವ ಕಡೆಗೆ ತೆರೆದಿದೆ ಎಂದು ಬೆರಳಲ್ಲಿ ತೋರಿಸಿದರೆ ಸಾಕು. ಚೀಟಿಯಲ್ಲಿ 6/18 ಎಂದಿದ್ದರೆ, ಒಳ್ಳೆಯ ಕಣ್ಣಿಗೆ 18 ಮೀಟರ್‌ನಿಂದ ಕಾಣುವುದು ಅವರಿಗೆ 6 ಮೀಟರ್‌ಗೆ ಬಂದರೆ ಮಾತ್ರ ಕಾಣುತ್ತದೆ ಎಂದರ್ಥ.

ಇಲ್ಲಿ ನಮ್ಮ ಹಿರಿಯರು ಒಂದು ತಪ್ಪು ಮಾಡುತ್ತಾರೆ. ಕಾಣುತ್ತಿಲ್ಲ ಎನ್ನಲು ನಾಚಿಕೆ. ಕಣ್ಣು ಕಿರಿದು ಮಾಡಿ, ಊಹೆಯಲ್ಲಿ ಓದಿಬಿಡುತ್ತಾರೆ. ಆಗ ಕನ್ನಡಕವೂ ಊಹೆಯದ್ದೇ ಆಗುತ್ತದೆ. ಗಾಜು ಬದಲಿಸಿ "ಇದಾ, ಅದಾ?" ಎಂದು ಕೇಳಿದಾಗ ಎರಡೂ ಒಂದೇ ಅನ್ನಿಸಿದರೆ ಹಾಗೇ ಹೇಳಲಿ. ಅದೂ ಸರಿಯಾದ ಉತ್ತರವೇ.

ಇನ್ನೊಂದು ಮಾತು. ಓದುವ ಕನ್ನಡಕವನ್ನು ಸುಮಾರು 40 ಸೆಂ.ಮೀ. ದೂರಕ್ಕೆ ಹೊಂದಿಸುತ್ತಾರೆ. ಅಪ್ಪ ಕೆಲಸಕ್ಕೆ ಕೂತಾಗ ಕಣ್ಣಿಂದ ನೀರಿನ ತೊಟ್ಟಿಗೆ ಎಷ್ಟು ದೂರವಿದೆ ಎಂದು ಒಂದು ದಾರ ಹಿಡಿದು ನೋಡಿ. ಆ ಅಳತೆಗೆ ದಾರ ಕತ್ತರಿಸಿ ಜೇಬಲ್ಲಿಟ್ಟುಕೊಂಡು ಹೋಗಿ. ಪರೀಕ್ಷೆ ಮಾಡುವವರಿಗೆ ಅದು ದೊಡ್ಡ ಸಹಾಯ.

ನಂತರ ಗದ್ದ, ಹಣೆ ಒತ್ತಿಸಿ ಕೂರಿಸಿ ಬೆಳಕು ಬಿಟ್ಟು ನೋಡುತ್ತಾರೆ. ಪೊರೆ ಬಂದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕಣ್ಣಿನ ಒತ್ತಡ ನೋಡಲು ಕೆಲವು ಕಡೆ ಗಾಳಿ ಊದುತ್ತಾರೆ. ಬೆಚ್ಚಿಬೀಳುವ ಹಾಗಾಗುತ್ತದೆ, ನೋವಿಲ್ಲ.

ಈಗ ಡ್ರಾಪ್ಸ್. ಹಾಕಿದಾಗ ಸ್ವಲ್ಪ ಉರಿ. 20-30 ನಿಮಿಷದಲ್ಲಿ ಪಾಪೆ ಅಗಲವಾಗುತ್ತದೆ. ಮುಚ್ಚಿದ ಬಾಗಿಲ ಸಂದಿಯಲ್ಲಿ ಇಣುಕುವುದಕ್ಕೂ, ಬಾಗಿಲು ತೆಗೆದು ನೋಡುವುದಕ್ಕೂ ವ್ಯತ್ಯಾಸವಿದೆ ಅಲ್ವಾ? ಶುಗರ್‌ನಿಂದ ಹಿಂಭಾಗದ ನರದ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ರಕ್ತ ಸೋರಿದೆಯಾ ಎಂದು ಆಗ ಚೆನ್ನಾಗಿ ಕಾಣುತ್ತದೆ. ಕಣ್ಣು ಕತ್ತಲಾಗುವುದಿಲ್ಲ. ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಸಾಮಾನ್ಯವಾಗಿ ನಾಲ್ಕೈದು ಗಂಟೆಯಲ್ಲಿ ಇಳಿಯುತ್ತದೆ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಅಷ್ಟು ಹೊತ್ತು ಬೈಕ್ ಬೇಡ, ಬಿಸಿನೀರಿನ ಕೆಲಸವಂತೂ ಬೇಡವೇ ಬೇಡ. ಒಂದು ಕಪ್ಪು ಕನ್ನಡಕ, ಇಲ್ಲವೇ ಟೋಪಿ ಇಟ್ಟುಕೊಳ್ಳಿ.

ಪ್ರಶ್ನೆ (ಶಿಡ್ಲಘಟ್ಟ): ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಶುಗರ್ ಮಾತ್ರೆ ನಿಲ್ಲಿಸಬೇಕಾ?

ಉತ್ತರ: ಎರಡೂ ಬೇಡ. ತಿಂಡಿ ತಿಂದು, ಮಾತ್ರೆ ಹಾಕಿಕೊಂಡೇ ಹೋಗಲಿ. ಮಾತ್ರೆ ಚೀಟಿ, ಈಚಿನ ಶುಗರ್ ರಿಪೋರ್ಟ್, ಆ ಸಂತೆ ಕನ್ನಡಕ ಮೂರೂ ಇರಲಿ. ಶುಗರ್ ಏರಿಳಿತವಾದರೆ ಕಣ್ಣಿನ ಪವರ್ ಕೂಡ ಬದಲಾಗುತ್ತದೆ. ತುಂಬಾ ಜಾಸ್ತಿ ಇದ್ದರೆ, ಹತೋಟಿಗೆ ಬಂದ ಮೇಲೆ ಕನ್ನಡಕ ಮಾಡಿಸಿ. ಇಲ್ಲದಿದ್ದರೆ ದುಡ್ಡು ದಂಡ.

ಪ್ರಶ್ನೆ (ಮಾಲೂರು): ನಮ್ಮಮ್ಮನಿಗೂ ಶುಗರ್. ಆದರೆ ದೃಷ್ಟಿ ಚೆನ್ನಾಗಿದೆ, ಸೂಜಿಗೆ ದಾರ ಪೋಣಿಸುತ್ತಾರೆ. ಸುಮ್ನೆ ಯಾಕೆ ಎನ್ನುತ್ತಾರೆ.

ಉತ್ತರ: ದಯವಿಟ್ಟು ಕರೆದುಕೊಂಡು ಹೋಗಿ. ರೆಟಿನಾ ಹಾಳಾಗತೊಡಗಿದಾಗ ನೋವಿರುವುದಿಲ್ಲ, ಮಸುಕೂ ಇರುವುದಿಲ್ಲ. ಮಸುಕಾಗುವ ಹೊತ್ತಿಗೆ ಎಷ್ಟೋ ಜನರಲ್ಲಿ ತುಂಬಾ ಮುಂದುವರಿದಿರುತ್ತದೆ. ಹೋದ ದೃಷ್ಟಿ ಪೂರ್ತಿ ವಾಪಸ್ ಬರುವುದು ಕಷ್ಟ. ಆ ಹಂತದಲ್ಲಿ ಬಂದವರನ್ನು ನೋಡಿ ನನಗೆ ಸಂಕಟವಾಗಿದೆ. ಶುಗರ್ ಇದ್ದವರು ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ತೋರಿಸಲೇಬೇಕು.

ಇಬ್ಬರಿಗೂ ಒಂದು ಎಚ್ಚರಿಕೆ. ಡ್ರಾಪ್ಸ್ ಹಾಕಿದ ಮೇಲೆ ಕಣ್ಣು ಕೆಂಪಾಗಿ ಜೋರು ನೋವು, ತಲೆನೋವು, ವಾಂತಿ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಹೀಗಾಗುವುದು ಅಪರೂಪ, ಆದರೂ ಆಗಲೇ ಆಸ್ಪತ್ರೆಗೆ ಹೋಗಿ.