ಇ-ರೀಡರಲ್ಲಿ ಕನ್ನಡದ ಒತ್ತಕ್ಷರ ಒಡೀತಾ ಉಂಟು, ಯಾವುದು ತಕೊಳ್ಳುದು?

ಕುಂಬ್ಳೆಯ ಓದುಗಿ:
ಅಮ್ಮನಿಗೆ ಇ-ರೀಡರ್ ತಕೊಳ್ಬೇಕಿತ್ತು. ಮೊದಲಿದ್ದದ್ದರ ಸ್ಕ್ರೀನ್ ಹೋಯ್ತು, ಅದರದ್ದೇ ಸ್ಟೋರಿಂದ ತಕೊಂಡ ಮೂವತ್ತು ಚಿಲ್ಲರೆ ಪುಸ್ತಕ ಬೇರೆ ಕಂಪೆನಿಯ ರೀಡರಲ್ಲಿ ತೆರೀಲಿಕ್ಕೇ ಆಗುದಿಲ್ಲ, ದುಡ್ಡು ಕೊಟ್ಟು ತಕೊಂಡದ್ದಲ್ವಾ, ತುಂಬ ಬೇಜಾರಾಯ್ತು. ಈ ಸಲ ಒಂದೇ ಅಂಗಡಿಗೆ ಕಟ್ಟಿಬೀಳುದು ಬೇಡ ಅಂತ ಉಂಟು. ಭಾವನ ಹತ್ರ ಇಪಬ್ (ಒಂದೇ ಕಂಪೆನಿಗೆ ಕಟ್ಟಿಬೀಳದ ಇ-ಪುಸ್ತಕದ ಫೈಲ್ ನಮೂನೆ) ಓದುವ ರೀಡರ್ ಇದೆ, ಅದ್ರಲ್ಲಿ ವಿಕಿಸೋರ್ಸ್ ಅಂತ ಫ್ರೀ ಪುಸ್ತಕದ ತಾಣದಿಂದ ಇಳಿಸಿದ ಕನ್ನಡ ಫೈಲ್ ಹಾಕಿ ನೋಡಿದ್ರೆ ಪುಸ್ತಕ ಇದ್ದದ್ದು ಪುಸ್‌ತಕ, ರಾಷ್ಟ್ರ ಇದ್ದದ್ದು ರಾಷ್‌ಟ್‌ರ. ನೋಟೋ ಫಾಂಟ್ ಹಾಕಿದೆ, ಅಕ್ಷರ ಚಂದ ಆಯ್ತು, ಒತ್ತು ಮಾತ್ರ ಕೆಳಗೆ ಇಳಿಯುದೇ ಇಲ್ಲ. ಎಂತ ಮಾಡುದು?

ಬದಿಯಡ್ಕದವ:
ಅಕ್ಕ, ಅದು ಫಾಂಟಿನ ತಪ್ಪಲ್ಲ. ಬರೀ ಡಬ್ಬ ಡಬ್ಬ ಕಂಡ್ರೆ ಫಾಂಟ್ ಇಲ್ಲ ಅಂತ ಅರ್ಥ, ಇಂಗ್ಲಿಷ್ ಅಕ್ಷರ ಅಡ್ಡಾದಿಡ್ಡಿ ಕಂಡ್ರೆ ಫೈಲೇ ಹಳೇ ‘ನುಡಿ’ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು, ಯುನಿಕೋಡಿಗೆ ತರ್ಬೇಕು. ನಿಮ್ಮದ್ರಲ್ಲಿ ಓದಿಸುವ ಸಾಫ್ಟ್‌ವೇರಿಗೆ ಒತ್ತು ಕೂಡಿಸ್ಲಿಕ್ಕೆ ಬರುದಿಲ್ಲ, ಅಷ್ಟೇ. ಕೋರೀಡರ್ ಅಂತ ಓದುವ ಆ್ಯಪ್ ಉಂಟು, ಹಾಕಿ ನೋಡಿ, ಫ್ರೀ, ಕೋಬೊ, ಪಾಕೆಟ್‌ಬುಕ್ ಕಂಪೆನಿಯ ರೀಡರ್, ಆಂಡ್ರಾಯ್ಡಲ್ಲೆಲ್ಲ ಓಡ್ತದೆ, ಅದರೊಳಗೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಅಂತ ಸಾಫ್ಟ್‌ವೇರ್ ಇರುದ್ರಿಂದ ಒತ್ತು ಸರಿ ಕೂಡ್ತದೆ. ಕನ್ನಡ ಫಾಂಟನ್ನು ಅದರ ಫಾಂಟ್ಸ್ ಫೋಲ್ಡರಿಗೆ ಹಾಕಿ, ಕೆರ್ನಿಂಗ್ ಅಂತ ಅಕ್ಷರ ಜೋಡಣೆಯ ಸೆಟ್ಟಿಂಗ್ ಉಂಟು, ಅದನ್ನು ‘ಬೆಸ್ಟ್’ ಇಡಿ. ದುಡ್ಡು ಹಾಕುವ ಮೊದ್ಲೇ ಫೋನಲ್ಲಿ ನೋಡ್ಬಹುದು.

ಇನ್ನು ಅಂಗಡಿ ವಿಷಯ. ಆ ಪುಸ್ತಕಗಳು ತೆರೀದಿರುದು ಡಿಆರ್‌ಎಂ ಬೀಗದಿಂದ (ಬೇರೆ ಕಡೆ ತೆರೀದ ಹಾಗೆ, ಕಾಪಿ ಆಗದ ಹಾಗೆ ಫೈಲಿಗೆ ಹಾಕುವ ಬೀಗ), ಬೀಗದ ಕೈ ಯಾವಾಗ್ಲೂ ಅಂಗಡಿಯವರ ಹತ್ರವೇ ಇರುದು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗ ದುಡ್ಡು ವಾಪಸ್ ಕೊಟ್ಟಿತು, ಪುಸ್ತಕ ಮಾತ್ರ ತಕೊಂಡವರ ಕೈಯಲ್ಲಿ ಉಳೀಲಿಲ್ಲ. ಬೀಗ ಇಲ್ಲದ ಇಪಬ್ ಕೊಡುವಲ್ಲಿಂದಲೇ ತಕೊಳ್ಳಿ, ತಕೊಂಡ ದಿನವೇ ಕಂಪ್ಯೂಟರಿಗೆ ಇಳಿಸಿ ಕ್ಯಾಲಿಬರ್ ಅಂತ ಇ-ಪುಸ್ತಕ ಜೋಡಿಸಿಡುವ ಸಾಫ್ಟ್‌ವೇರಲ್ಲಿ ಸೇರಿಸಿ, ಪೆನ್‌ಡ್ರೈವಲ್ಲಿ ಇನ್ನೊಂದು ಕಾಪಿ ಇರ್ಲಿ. ನಾಳೆ ಯಾವ ಕಂಪೆನಿಯ ರೀಡರ್ ಬಂದ್ರೂ ಫೈಲ್ ನಿಮ್ಮದೇ.

ಪೆರ್ಲದ ಮಾಷ್ಟ್ರು:
ಹಳೇ ಪುಸ್ತಕದ ಸ್ಕ್ಯಾನ್ ಪಿಡಿಎಫ್ ಓದ್ಲಿಕ್ಕುಂಟಾ? ಹಾಗಾದ್ರೆ 6 ಇಂಚಿನದ್ದು ಬೇಡ, ಅಕ್ಷರ ಇರುವೆ ಸಾಲು, ಪಾಪ ಅಮ್ಮನ ಕಣ್ಣಿಗೆ ಕಷ್ಟ. 10 ಇಂಚಿನದ್ದು ನೋಡಿ. ನಮ್ಮ ಕಾಸರಗೋಡು ಕಡೆ ಮಕ್ಕಳಿಗೆ ಮಲಯಾಳವೂ ಬೇಕಲ್ಲ, ಅದರದ್ದೂ ಒಂದು ಫೈಲ್ ಹಾಕಿ ನೋಡಿ.

ಕುಂಬ್ಳೆಯ ಓದುಗಿ:
ಫೋನಲ್ಲಿ ಹಾಕಿದೆ. ಮೊದ್ಲು ಡಬ್ಬವೇ ಬಂತು, ಫಾಂಟ್ ಕಾಪಿ ಮಾಡಿ ಬಂದ್ ಮಾಡಿ ಪುನಃ ತೆರೆದೆ, ರಾಷ್ಟ್ರ ಸರಿ ಬಂತು ಮಾರಾಯ್ರೆ, ಷದ ಅಡಿಗೆ ಟ-ವೂ ರ-ವೂ ಬಂದು ಕೂತಿದೆ! ಅಮ್ಮ ಅಲ್ಲೇ ನಾಲ್ಕು ಪುಟ ಓದಿದ್ರು. ಪಿಡಿಎಫ್ ಅವರಿಗೆ ಬೇಡವಂತೆ. ಭಾನುವಾರ ಭಾವ ಬರುವಾಗ ಅವರ ರೀಡರಿಗೂ ಹಾಕಿ ನೋಡ್ತೇನೆ, ಅದ್ರಲ್ಲೂ ಸರಿ ಬಂದ್ರೆ ಅದನ್ನೇ ತಕೊಳ್ಳುದು.