‘ಕಂಡೀಷನ್’ಗೂ ಸ್ಥಿತಿ, ‘ಸ್ಟೇಟಸ್’ಗೂ ಸ್ಥಿತಿ: ಕ್ಲಿನಿಕಲ್ ಟ್ರಯಲ್ ಡೇಟಾಬೇಸಿನ ಫೀಲ್ಡುಗಳಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿತ್ತು, ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಔಷಧಿ, ಚಿಕಿತ್ಸೆಗಳನ್ನ ಮನುಷ್ಯರ ಮೇಲೆ ಪ್ರಯೋಗ ಮಾಡಿ ನೋಡೋ ಅಧ್ಯಯನಗಳು ನೋಂದಣಿ ಆಗೋ ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಇದೆಯಲ್ಲ, ಅಲ್ಲಿನ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 2000ದಿಂದ ನಡೆಸ್ತಾ ಬಂದಿರೋದು, ಬೆಂಗಳೂರು ಮೈಸೂರಿನ ಆಸ್ಪತ್ರೆಗಳಲ್ಲಿ ನಡೆಯೋ ಟ್ರಯಲ್‌ಗಳೂ ಸುಮಾರು ಅದರಲ್ಲಿ ಸಿಗ್ತವೆ. ನಾವು ಕೆಲವರು ಸೇರ್ಕೊಂಡು ಆ ರೆಕಾರ್ಡನ್ನ ರೋಗಿಯ ಮನೆಯವರು ತಾವೇ ಓದ್ಕೊಳ್ಳೋ ಹಾಗೆ ಕನ್ನಡದಲ್ಲಿ ಒಂದು ಶೀಟ್ ಮಾಡ್ತಿದೀವಿ, ಎಡಗಡೆ ಫೀಲ್ಡಿನ (ಅಂದ್ರೆ ರೆಕಾರ್ಡಲ್ಲಿ ಒಂದೊಂದು ಮಾಹಿತಿಗೆ ಇರೋ ಖಾನೆಯ) ಹೆಸರು, ಬಲಗಡೆ ಕನ್ನಡದಲ್ಲಿ ಅದೇನು ಅಂತ.

ಎಡಗಡೆ ಹೆಸರು ಅನುವಾದ ಮಾಡೋ ಹಾಗಿಲ್ಲ. ಡೇಟಾಬೇಸಿಗೆ ‘ಓವರಾಲ್‌ಸ್ಟೇಟಸ್’ ಅಂದ್ರೆ ಎರಡೂ ಪದ ಸ್ಪೇಸ್ ಇಲ್ಲದೆ ಅಂಟಿಸಿ ಇಂಗ್ಲಿಷಲ್ಲೇ ಕೊಡ್ಬೇಕು, ಇಲ್ಲದ ಹೆಸರು ಕೊಟ್ರೆ ಎರರ್ ಬರುತ್ತೆ. ಯಾವ ಹೆಸರು ನಡೆಯುತ್ತೆ ಅಂತ ಹುಡುಕೋರಿಗೆ ಒಂದು ಮಾತು, ಬ್ಲಾಗುಗಳಲ್ಲಿರೋ ಹಳೆ ಪಟ್ಟಿ ನಂಬ್ಕೋಬೇಡಿ, ಹಳೆ ಎಪಿಐ (ಪ್ರೋಗ್ರಾಮ್ ಮೂಲಕ ಡೇಟಾಬೇಸಿನಿಂದ ಮಾಹಿತಿ ತರಿಸ್ಕೊಳ್ಳೋ ದಾರಿ) 2024ರ ಜೂನ್‌ನಲ್ಲೇ ನಿಂತುಹೋಯ್ತು. ಈಗಿನ ಎಪಿಐನಲ್ಲಿ ‘ಸ್ಟಡೀಸ್’ ಕೆಳಗೆ ‘ಮೆಟಾಡೇಟಾ’ ಅಂತ ಒಂದು ವಿಳಾಸ ಇದೆ, ಅದನ್ನ ತೆಗೆದ್ರೆ ಇರೋ ಫೀಲ್ಡೆಲ್ಲ ಯಾವ ವಿಭಾಗದ ಯಾವ ಮಾಡ್ಯೂಲ್ ಒಳಗಿದೆ, ಅದರ ಚಿಕ್ಕ ಹೆಸರೇನು ಅಂತ ಪೂರ್ತಿ ಬರುತ್ತೆ. ಅದರ ಪಕ್ಕದಲ್ಲೇ ‘ಎನಮ್ಸ್’ ಅಂತಿದೆ, ಒಂದು ಫೀಲ್ಡಲ್ಲಿ ಯಾವ್ಯಾವ ಉತ್ತರ ಮಾತ್ರ ಇರಬಹುದು ಅನ್ನೋದು ಅಲ್ಲಿ ಸಿಗುತ್ತೆ. ಊರಿನ ಹೆಸರಿಗೆ ಮಾತ್ರ ಅಂಥ ಕಟ್ಟುಪಾಡಿಲ್ಲ, ‘ಲೊಕೇಶನ್‌ಸಿಟಿ’ಯಲ್ಲಿ ಬ್ಯಾಂಗಲೋರ್ ಅಂತಾನೂ ಇದೆ ಬೆಂಗಳೂರು ಅಂತಾನೂ ಇದೆ, ಎರಡೂ ಹಾಕಿ ಹುಡುಕಿ, ಇಲ್ಲಾಂದ್ರೆ ಸುಮಾರು ತಪ್ಪಿಹೋಗುತ್ತೆ.

ಈಗ ಬಲಗಡೆಯ ಕನ್ನಡಕ್ಕೆ ಬರ್ತೀನಿ. ನಾವು ಇಟ್ಕೊಂಡಿರೋ ನಿಯಮ ಒಂದೇ: ಡೇಟಾಬೇಸಿನಲ್ಲಿ ಎರಡು ಬೇರೆ ಫೀಲ್ಡ್ ಇದ್ರೆ ಕನ್ನಡದಲ್ಲೂ ಎರಡು ಬೇರೆ ಪದ ಇರ್ಲೇಬೇಕು. ಕೇಳೋಕೆ ಸುಲಭ, ಆದ್ರೆ ಡಿಕ್ಷನರಿ ಇಟ್ಕೊಂಡು ಕೂತ್ರೆ ಮೊದಲನೇ ಸಾಲಲ್ಲೇ ಸಿಕ್ಕಿಹಾಕ್ಕೊಳ್ತೀವಿ. ‘ಕಂಡೀಷನ್’ ಅಂದ್ರೆ ಸ್ಥಿತಿ, ‘ಸ್ಟೇಟಸ್’ ಅಂದ್ರೂ ಸ್ಥಿತಿ. ಮೊದಲನೇದು ರೋಗಿಗೆ ಇರೋ ಕಾಯಿಲೆ, ಎರಡನೇದು ಅಧ್ಯಯನ ಎಲ್ಲಿಗೆ ಬಂತು ಅನ್ನೋದು. ‘ಸ್ಥಿತಿ: ನಿಲ್ಲಿಸಲಾಗಿದೆ’ ಅಂತ ಓದಿದ ಮನೆಯವರು ಅಲ್ಲಿದ್ದ ರೋಗಿಗಳಿಗೇ ಏನೋ ಆಗಿದೆ ಅಂದ್ಕೊಂಡ್ರೆ ತಪ್ಪು ಅವರದಲ್ಲ. ಸರಿ ‘ಕಂಡೀಷನ್’ಗೆ ನೇರವಾಗಿ ಕಾಯಿಲೆ ಅಂತಾನೇ ಹಾಕೋಣ ಅಂದ್ರೆ, ಆ ಫೀಲ್ಡಲ್ಲಿ ಗರ್ಭಧಾರಣೆ ಅಂತಾನೂ ಬರುತ್ತೆ, ಆರೋಗ್ಯವಂತರ ಮೇಲೆ ಮಾಡೋ ಅಧ್ಯಯನ ಆದ್ರೆ ಸುಮ್ನೆ ‘ಹೆಲ್ದಿ’ ಅಂತಾನೂ ಬರುತ್ತೆ, ಬಸುರಿಗೆ ಕಾಯಿಲೆ ಅನ್ನೋಕಾಗುತ್ತಾ. ನಮ್ಮ ದೇಶದ ರಿಜಿಸ್ಟ್ರಿ ಸಿಟಿಆರ್‌ಐ, ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 2007ರಲ್ಲಿ ಶುರು ಮಾಡಿದ್ದು, 2009ರ ಜೂನ್ 15ರಿಂದ ನೋಂದಣಿ ಕಡ್ಡಾಯ ಆಯ್ತಲ್ಲ, ಅಲ್ಲಿ ‘ಹೆಲ್ತ್ ಕಂಡೀಷನ್’ ಜೊತೆಗೆ ‘ಪ್ರಾಬ್ಲಮ್ಸ್ ಸ್ಟಡೀಡ್’ ಅಂತ ಸೇರಿಸಿದ್ದಾರೆ, ಅದನ್ನ ನೋಡಿ ‘ಅಧ್ಯಯನದ ವಿಷಯ’ ಅನ್ನೋಣ ಅಂತ ನನಗನ್ನಿಸ್ತಿದೆ. ಸ್ವಲ್ಪ ಸಡಿಲ ಪದ, ಆದ್ರೆ ಯಾರನ್ನೂ ದಾರಿ ತಪ್ಪಿಸಲ್ಲ.

ಇನ್ನು ‘ರಿಕ್ರೂಟಿಂಗ್’. ಸಿಕ್ಕಿದ ಕಡೆಯೆಲ್ಲ ‘ನೇಮಕಾತಿ ನಡೆಯುತ್ತಿದೆ’ ಅಂತಾನೇ ಹಾಕ್ತಾರೆ, ಕನ್ನಡ ಪೇಪರ್ ಓದೋ ಯಾರಿಗೇ ಆಗಲಿ ನೇಮಕಾತಿ ಅಂದ್ರೆ ಕೆಪಿಎಸ್‌ಸಿ, ಪೊಲೀಸ್ ಕೆಲಸ, ಸಂಬಳ. ಕಾಯಿಲೆ ಬಿದ್ದವರನ್ನ ಯಾರೂ ನೇಮಕ ಮಾಡ್ಕೊಳ್ಳಲ್ಲ. ‘ದಾಖಲಾತಿ’ ಅಂದ್ರೆ ಅದೂ ಕಷ್ಟ, ಆಸ್ಪತ್ರೆ ವಿಷಯದಲ್ಲಿ ದಾಖಲು ಅಂದ್ರೆ ಅಡ್ಮಿಟ್, ‘ದಾಖಲಾತಿ 120’ ಅಂತ ಕಂಡ್ರೆ 120 ಜನ ವಾರ್ಡಲ್ಲಿ ಮಲಗಿದ್ದಾರೆ ಅಂತಾಗುತ್ತೆ. ನಾನು ‘ಸೇರ್ಪಡೆ’ ಕಡೆ ವಾಲ್ತಿದೀನಿ: ಸೇರ್ಪಡೆ ನಡೀತಿದೆ, ಸೇರ್ಪಡೆ ಇನ್ನೂ ಶುರುವಾಗಿಲ್ಲ, ಕರೆದವರಿಗೆ ಮಾತ್ರ ಸೇರ್ಪಡೆ. ‘ಆ್ಯಕ್ಟಿವ್, ನಾಟ್ ರಿಕ್ರೂಟಿಂಗ್’ಗೆ ‘ಅಧ್ಯಯನ ನಡೀತಿದೆ, ಹೊಸಬರ ಸೇರ್ಪಡೆ ಇಲ್ಲ’. ಉದ್ದ ಆದ್ರೂ ಪರವಾಗಿಲ್ಲ, ‘ಸಕ್ರಿಯ’ ಅಂತ ಒಂದೇ ಪದ ಹಾಕಿ ಯಾರೋ ಊರಿಂದ ಬಸ್ ಹತ್ಕೊಂಡು ಬಂದು ಜಾಗ ಇಲ್ಲ ಅನ್ನಿಸ್ಕೊಂಡು ವಾಪಸ್ ಹೋಗೋದು ಬೇಡ.

ನಿಂತುಹೋದ ಅಧ್ಯಯನಗಳ ಪದಗಳನ್ನ ದಯವಿಟ್ಟು ಗಮನ ಇಟ್ಟು ನೋಡಿ, ಇಲ್ಲಿ ಹೆಚ್ಚುಕಮ್ಮಿ ಆದ್ರೆ ಅರ್ಥವೇ ತಿರುಗುಮುರುಗು. ‘ಟರ್ಮಿನೇಟೆಡ್’ಗೆ ಡಿಕ್ಷನರಿಯಲ್ಲಿ ಮುಕ್ತಾಯ ಅಂತ ಸಿಗುತ್ತೆ, ‘ಕಂಪ್ಲೀಟೆಡ್’ಗೂ ಜನ ಮುಕ್ತಾಯ ಅಂತಾನೇ ಬರೀತಾರೆ. ಒಂದು ಅಂದ್ಕೊಂಡಂಗೆ ಪೂರ್ತಿ ಆದದ್ದು, ಇನ್ನೊಂದು ಜನ ಸೇರಿದ ಮೇಲೆ ಮಧ್ಯದಲ್ಲೇ ನಿಲ್ಲಿಸಿ ಮತ್ತೆ ಶುರು ಮಾಡಲ್ಲ ಅಂದದ್ದು. ‘ಸಸ್ಪೆಂಡೆಡ್’ ಅಂದ್ರೆ ನಿಂತಿದೆ ಆದ್ರೆ ಮತ್ತೆ ಶುರು ಆಗಬಹುದು. ‘ವಿತ್‌ಡ್ರಾನ್’ ಅಂದ್ರೆ ಒಬ್ಬರೂ ಸೇರೋಕೆ ಮುಂಚೆನೇ ಕೈಬಿಟ್ಟಿದ್ದು, ಅದಕ್ಕೇ ಅಂಥ ರೆಕಾರ್ಡಲ್ಲಿ ‘ಎನ್ರೋಲ್‌ಮೆಂಟ್‌ಕೌಂಟ್’ ಸೊನ್ನೆ ಇರುತ್ತೆ. ಪೂರ್ಣಗೊಂಡಿದೆ, ನಡುವೆಯೇ ನಿಲ್ಲಿಸಲಾಗಿದೆ, ತಾತ್ಕಾಲಿಕವಾಗಿ ನಿಂತಿದೆ, ಆರಂಭಕ್ಕೆ ಮೊದಲೇ ಕೈಬಿಡಲಾಗಿದೆ, ಇವು ನನ್ನ ಸಲಹೆ. ಯಾಕೆ ನಿಲ್ಲಿಸಿದ್ರು ಅನ್ನೋದಕ್ಕೆ ‘ವೈಸ್ಟಾಪ್ಡ್’ ಅಂತ ಬೇರೆ ಫೀಲ್ಡೇ ಇದೆ, ದುಡ್ಡಿಲ್ಲದೆ ನಿಂತಿದ್ದೋ ಜನ ಸಿಗದೆ ನಿಂತಿದ್ದೋ ತೊಂದರೆ ಕಂಡು ನಿಲ್ಲಿಸಿದ್ದೋ ಅಂತ ಅಲ್ಲಿ ನೋಡ್ಬಹುದು, ಅದನ್ನ ‘ನಿಲ್ಲಿಸಿದ ಕಾರಣ’ ಅಂದ್ರೆ ಮುಗೀತು.

ನನಗೆ ಇನ್ನೂ ಬಗೆಹರಿಯದೇ ಇರೋದು ‘ಔಟ್‌ಕಮ್’ ಮತ್ತೆ ‘ರಿಸಲ್ಟ್ಸ್’. ಎರಡಕ್ಕೂ ಕನ್ನಡದಲ್ಲಿ ಫಲಿತಾಂಶ. ಸಕ್ಕರೆ ಕಾಯಿಲೆ ಔಷಧಿಯ ಅಧ್ಯಯನ ತಗೊಳ್ಳಿ, ‘ಪ್ರೈಮರಿಔಟ್‌ಕಮ್‌ಮೆಷರ್’ ಅನ್ನೋ ಕಡೆ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ತೋರಿಸೋ ರಕ್ತ ಪರೀಕ್ಷೆ) ಎಷ್ಟು ಬದಲಾಯ್ತು ಅಂತ, ‘ಟೈಮ್‌ಫ್ರೇಮ್’ ಕಡೆ 24 ವಾರ ಅಂತ ಇರುತ್ತೆ. ಇದು ಏನನ್ನ ಅಳೀತೀವಿ ಯಾವಾಗ ಅಳೀತೀವಿ ಅಂತ ಕೊಟ್ಟ ಮಾತು ಅಷ್ಟೇ, ನಿಜವಾಗ್ಲೂ ಎಷ್ಟು ಇಳೀತು ಅನ್ನೋ ಅಂಕಿ ಅಲ್ಲ. ಅಂಕಿ ಬರೋದು ಬೇರೆ ರಿಸಲ್ಟ್ಸ್ ವಿಭಾಗದಲ್ಲಿ, ಅಮೆರಿಕದ 2007ರ ಕಾನೂನಿನ ವ್ಯಾಪ್ತಿಗೆ ಬರೋ ಅಧ್ಯಯನಗಳು ಮುಖ್ಯ ಅಳತೆ ಮುಗಿದು ಸಾಮಾನ್ಯವಾಗಿ ಒಂದು ವರ್ಷದೊಳಗೆ ಕೊಡ್ಬೇಕು, ಎಷ್ಟೋ ರೆಕಾರ್ಡಲ್ಲಿ ಆ ವಿಭಾಗವೇ ಇರಲ್ಲ. ಮೊದಲನೇದಕ್ಕೆ ‘ಫಲಿತಾಂಶ: ಎಚ್‌ಬಿಎ1ಸಿ ಇಳಿಕೆ’ ಅಂತ ಬರೆದುಬಿಟ್ರೆ ಓದಿದವರು ಔಷಧಿ ಕೆಲಸ ಮಾಡಿದೆ ಅಂತಾನೇ ತಿಳ್ಕೋತಾರೆ, ಇದು ನನಗೆ ತುಂಬಾ ಭಯ ಹುಟ್ಟಿಸೋ ವಿಷಯ. ‘ಮುಖ್ಯ ಅಳತೆ’ ಅಂತ ಸದ್ಯಕ್ಕೆ ಹಾಕಿದೀನಿ, ಅಳತೆ ಅಂದ್ರೆ ಬಟ್ಟೆ ಅಳತೆ ನೆನಪಾಗುತ್ತೆ ಅಂತ ಗೆಳತಿಯೊಬ್ಬಳು ಬೇಡ ಅಂತಿದಾಳೆ, ‘ಮುಖ್ಯವಾಗಿ ಪರೀಕ್ಷಿಸುವ ಅಂಶ’ ಅನ್ನೋದು ಅವಳ ಸಲಹೆ. ನಿಮಗೆ ಯಾವುದು ಸರಿ ಕಾಣುತ್ತೆ?

ಬೇಗ ಹೇಳಿಬಿಡ್ತೀನಿ, ‘ಬ್ರೀಫ್‌ಟೈಟಲ್’ ಸರಳ ಶೀರ್ಷಿಕೆ, ‘ಅಫಿಷಿಯಲ್‌ಟೈಟಲ್’ ಪೂರ್ಣ ಶೀರ್ಷಿಕೆ, ‘ಆರ್ಮ್’ಗೆ ಗುಂಪು (ತೋಳು ಅಂತೂ ಬೇಡವೇ ಬೇಡ). ‘ಮಾಸ್ಕಿಂಗ್’ಗೆ ಕೆಲವರು ಕುರುಡು ಪ್ರಯೋಗ ಅಂತಾರೆ, ನನಗೆ ಅದು ಕೇಳೋಕೇ ಆಗಲ್ಲ, ಯಾರಿಗೆ ಯಾವ ಔಷಧಿ ಅಂತ ರೋಗಿಗೋ ವೈದ್ಯರಿಗೋ ಗೊತ್ತಾಗದ ಹಾಗೆ ಮಾಡೋದು ತಾನೇ, ‘ಮರೆ’ ಅಂದ್ರೆ ಸಾಕು, ‘ಯಾರಿಂದ ಮರೆ’ ಅಂತ ಕೇಳೋ ಫೀಲ್ಡಿಗೂ ಅದೇ ಹೊಂದುತ್ತೆ.

ಕೊನೇದಾಗಿ ‘ಫೀಲ್ಡ್’ಗೇ ಏನನ್ನೋದು. ಕ್ಷೇತ್ರ ಅಂದ್ರೆ ಚುನಾವಣೆ ಇಲ್ಲ ತೀರ್ಥಯಾತ್ರೆ. ಹಳ್ಳಿಯವರೂ ಪಹಣಿ ಹಿಡ್ಕೊಂಡು ‘9ನೇ ಕಾಲಂನಲ್ಲಿ ಯಾರ ಹೆಸರಿದೆ’ ಅಂತ ಕೇಳ್ತಾರೆ, ಹಾಗಾಗಿ ಕಾಲಂ ಅಂದ್ರೆ ಎಲ್ರಿಗೂ ತಿಳಿಯುತ್ತೆ ಅಂತ ನನ್ನ ನಂಬಿಕೆ. ಡೇಟಾಬೇಸ್ ಒಪ್ಪೋ ಹೆಸರಿಗೆ ‘ವ್ಯಾಲಿಡ್’ ಅಂತಾರಲ್ಲ, ಅದಕ್ಕೆ ಸಿಂಧು ಅನ್ನೋಣ್ವಾ, ‘ಚಾಲ್ತಿಯಲ್ಲಿರೋ ಕಾಲಂ ಹೆಸರು’ ಅಂದ್ರೆ ಸಾಕಾ? ಉತ್ತರ ಕರ್ನಾಟಕ, ಕರಾವಳಿ ಕಡೆಯವರು ‘ಸೇರ್ಪಡೆ’, ‘ಮರೆ’ ಎರಡೂ ಅಲ್ಲಿ ಹೇಗೆ ಕೇಳಿಸುತ್ತೆ ಅಂತ ದಯವಿಟ್ಟು ತಿಳಿಸಿ, ಮತ್ತೆ ಆಸ್ಪತ್ರೆಯ ಕನ್ನಡ ಸಮ್ಮತಿ ಪತ್ರ ಬರೆದು ಅಭ್ಯಾಸ ಇರೋರು ಯಾರಾದ್ರೂ ಇದ್ರೆ ‘ಔಟ್‌ಕಮ್’ಗೆ ನೀವು ಏನು ಬಳಸ್ತೀರಿ ಅನ್ನೋದನ್ನ ಮೊದಲು ಬರೀರಿ.