ಈರುಳ್ಳಿ ಬೇರಿನ ಸ್ಲೈಡಿನಲ್ಲಿ ಒಂದೂ ಮೆಟಾಫೇಸ್ ಸಿಗುತ್ತಿಲ್ಲ

ಕೋಶನೋಟ:
ಈರುಳ್ಳಿ ಬೇರಿನ ಸ್ಕ್ವಾಶ್ (ಒತ್ತಿ ಹರಡಿದ ಸ್ಲೈಡ್) ಮಾಡಿದರೆ ಎಲ್ಲೆಲ್ಲೂ ಬರೀ ಇಂಟರ್‌ಫೇಸ್, ಅಂದರೆ ವಿಭಜನೆ ಇಲ್ಲದ ಕೋಶಗಳು. ಕ್ರೋಮೋಸೋಮ್‌ಗಳು ನಡುವೆ ಸಾಲಾಗಿ ನಿಲ್ಲುವ ಮೆಟಾಫೇಸ್ ಒಂದೂ ಇಲ್ಲ. ಬೇರು 5 ಸೆಂ.ಮೀ. ಬೆಳೆದಿತ್ತು. ತುದಿಯಿಂದ 1 ಸೆಂ.ಮೀ. ಕತ್ತರಿಸಿ, 3:1 ಆಲ್ಕೋಹಾಲ್–ಅಸಿಟಿಕ್ ಆಮ್ಲದ ಫಿಕ್ಸೇಟಿವ್‌ನಲ್ಲಿ (ಕೋಶಗಳನ್ನು ಇದ್ದಂತೇ ಹಿಡಿದಿಡುವ ದ್ರವ) ರಾತ್ರಿಯಿಡೀ ಇಟ್ಟು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಿಸಿ ಮಾಡಿ, ಅಸಿಟೋಕಾರ್ಮೈನ್ ಸ್ಟೇನ್ (ಬಣ್ಣ) ಹಾಕಿದ್ದು. ನ್ಯೂಕ್ಲಿಯಸ್ ಗುಂಡಗೆ, ಕೆಂಪಗೆ ಚೆನ್ನಾಗಿ ಕಾಣುತ್ತೆ. ಸ್ಟೇನ್ ಹಳೆಯದು, ಬದಲಿಸಬೇಕಾ?

ಬೇರುತುದಿ:
ಸ್ಟೇನ್ ಮುಟ್ಟಬೇಡಿ. ನ್ಯೂಕ್ಲಿಯಸ್ ಕೆಂಪಗೆ ಕಂಡ ಮೇಲೆ ಅದರ ಕೆಲಸ ಮುಗೀತು. ಕೋಶಗಳು ಚೌಕವಾಗಿವೆಯೋ, ಉದ್ದಕ್ಕಿವೆಯೋ? ಗಡ್ಡೆಯನ್ನು ನೀರಲ್ಲಿ ಹೇಗೆ ಇಟ್ಟಿದ್ದಿರಿ?

ಕೋಶನೋಟ:
ಹೆಚ್ಚಿನವು ಉದ್ದ. ಒಂದು ಮೂಲೆಯಲ್ಲಿ ಚಿಕ್ಕ ಚೌಕ ಕೋಶಗಳ ಗುಂಪಿದೆ, ಅಲ್ಲೂ ವಿಭಜನೆ ಇಲ್ಲ. ಗಡ್ಡೆ ಅರ್ಧ ಮುಳುಗಿತ್ತು. ನೀರು ಬದಲಿಸಿಲ್ಲ, ಸ್ವಲ್ಪ ವಾಸನೆ ಬಂದಿದೆ.

ಬೇರುತುದಿ:
ಹಾಗಾದರೆ ತೊಂದರೆ ಎರಡು.

ಉದ್ದ ಕೋಶಗಳು ವಿಭಜನೆ ಮುಗಿಸಿ ಹಿಗ್ಗುತ್ತಿರುವಂಥವು; ಒಳಗೆ ರಸದಾನಿ (ನೀರು ತುಂಬಿದ ಚೀಲ, ವ್ಯಾಕ್ಯುಯೋಲ್) ಉಬ್ಬಿ ಗೋಡೆಯನ್ನು ಎಳೆಯುತ್ತಿರುತ್ತೆ. 1 ಸೆಂ.ಮೀ. ತುಂಡಿನಲ್ಲಿ ಬಹುಪಾಲು ಅವೇ. ವಿಭಜಿಸುವ ಕೋಶಗಳಿರುವುದು ಕೊನೆಯ 1–2 ಮಿ.ಮೀ.ನಲ್ಲಿ ಮಾತ್ರ. ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಿಂದ ತೆಗೆದಾಗ ತುದಿ ಹಾಲಿನ ಬಿಳುಪಿಗೆ ತಿರುಗಿ ಉಳಿದದ್ದು ಗಾಜಿನಂತೆ ತಿಳಿಯಾಗಿರುತ್ತೆ. ಬಿಳಿ ಭಾಗ ಇಟ್ಟುಕೊಂಡು ಉಳಿದದ್ದು ಬ್ಲೇಡಿನಲ್ಲಿ ತೆಗೆದುಬಿಡಿ.

ಚೌಕ ಕೋಶಗಳೂ ಸುಮ್ಮನಿವೆ ಅಂದರೆ ಇಡೀ ಬೇರು ವಿಭಜನೆ ನಿಲ್ಲಿಸಿದೆ. ಕೋಶ ಜಿ1 (ನಕಲಿಗೆ ಮುಂಚಿನ ಹಂತ) ದಾಟಿ ಡಿಎನ್‌ಎ ನಕಲು ಶುರು ಮಾಡಲು, ಜಿ2 (ನಕಲಾದ ಮೇಲಿನ ಹಂತ) ದಾಟಿ ಮೈಟೋಸಿಸ್‌ಗೆ, ಅಂದರೆ ವಿಭಜನೆಗೆ, ಇಳಿಯಲು, ಎರಡಕ್ಕೂ ಸೈಕ್ಲಿನ್ ಅನ್ನೋ ಪ್ರೋಟೀನ್ ಜೊತೆಗೂಡಿದ ಸಿಡಿಕೆ ಕಿಣ್ವ ಬೇಕು. ಕೊಳೆತ ನೀರಲ್ಲಿ ಆಮ್ಲಜನಕ ಕಡಿಮೆ, ಶಕ್ತಿ ಸಾಲದು. ಕೋಶಗಳು ಈ ಎರಡು ಗೇಟಿನಲ್ಲೇ ನಿಂತುಬಿಡುತ್ತವೆ. ಆಗಲೇ ಮೈಟೋಸಿಸ್‌ನಲ್ಲಿದ್ದವು ಹೇಗೋ ಮುಗಿಸಿಕೊಂಡು ಹೊರಬರುತ್ತವೆ, ಹೊಸವು ಒಳಗೆ ಬರಲ್ಲ. ಅದಕ್ಕೇ ನಿಮ್ಮ ಸ್ಲೈಡ್ ಪೂರ್ತಿ ಇಂಟರ್‌ಫೇಸ್. ಸಸ್ಯವಿಜ್ಞಾನಿ ಜ್ಯಾಕ್ ವ್ಯಾನ್‌ಟ್ ಹಾಫ್ 1960ರ ದಶಕದಲ್ಲಿ ಬಟಾಣಿ ಬೇರಿನ ತುದಿಗೆ ಸಕ್ಕರೆ ತಪ್ಪಿಸಿ ತೋರಿಸಿದ್ದೂ ಇದನ್ನೇ.

ಹೊಸ ಗಡ್ಡೆ ಹಾಕಿ. ಒಣಗಿದ ಹಳೇ ಬೇರು ಕೆರೆಯುವಾಗ ಬುಡದ ತಟ್ಟೆಗೆ ಗಾಯ ಆಗಬಾರದು. ಬುಡ ಮಾತ್ರ ನೀರು ತಾಗಬೇಕು. ನಲ್ಲಿ ನೀರಾದರೆ ರಾತ್ರಿ ತೆರೆದಿಟ್ಟು ಕ್ಲೋರಿನ್ ಹೋಗಲಿ, ದಿನಾ ಬದಲಿಸಿ. 22–25 ಡಿಗ್ರಿ ಇರಲಿ. ಬೇರು 1–2 ಸೆಂ.ಮೀ. ಆದ ಕೂಡಲೇ ಕತ್ತರಿಸಿ, ಕತ್ತರಿಸಿದ ಕ್ಷಣವೇ ಫಿಕ್ಸೇಟಿವ್‌ಗೆ ಹಾಕಿ. 3:1 ದ್ರವ ಆಗತಾನೇ ಬೆರೆಸಿದ್ದಾಗಿರಬೇಕು. ಬಾಟಲಿಯಲ್ಲಿ ಇಟ್ಟಷ್ಟೂ ಎಸ್ಟರ್ ಆಗಿ ಕೆಡುತ್ತೆ.

ಸೂಕ್ಷ್ಮಯಂತ್ರ:
ಒಂದು ಮಾತು ಸೇರಿಸ್ತೀನಿ. ಗಡ್ಡೆ ಮೊಳಕೆಯೊಡೆಯದಂತೆ ವಿಕಿರಣ ಹಾಯಿಸಿದ್ದಾದರೆ ನೀರು ಎಷ್ಟು ಬದಲಿಸಿದರೂ ಅಷ್ಟೇ. ಡಿಎನ್‌ಎ ಪೆಟ್ಟು ತಿಂದಾಗ ಎಸ್‌ಒಜಿ1 ಅನ್ನೋ ಪ್ರೋಟೀನು ಎಸ್‌ಎಂಆರ್ ಜೀನ್‌ಗಳನ್ನು ಎಬ್ಬಿಸುತ್ತೆ, ಅವು ಸಿಡಿಕೆ ತಡೆಯುತ್ತವೆ (ಅರಬಿಡಾಪ್ಸಿಸ್‌ನಲ್ಲಿ ಕಂಡದ್ದು). ಅನುಮಾನ ಇದ್ದರೆ ಸಾಂಬಾರ್ ಈರುಳ್ಳಿ ತಗೊಳ್ಳಿ. ಅದಕ್ಕೂ ಕ್ರೋಮೋಸೋಮ್ 16.

ಕೋಶನೋಟ:
ಸಾಂಬಾರ್ ಈರುಳ್ಳಿಯಲ್ಲಿ ಬಂತು! ಪ್ರೋಫೇಸ್ (ವಿಭಜನೆಯ ಮೊದಲ ಹಂತ) ಧಾರಾಳ, ಅನಾಫೇಸೂ (ಕ್ರೋಮೋಸೋಮ್‌ಗಳು ಎರಡು ಕಡೆಗೆ ಸರಿಯುವ ಹಂತ) ಇದೆ. ಆದರೆ ಕೋಶಗಳು ಒಂದರ ಮೇಲೊಂದು ಕೂತಿವೆ, ಮೆಟಾಫೇಸ್ ಎಣಿಸೋಕೆ ಆಗಲ್ಲ.

ಬೇರುತುದಿ:
ಆಮ್ಲದ ಕಾಲ ಸಾಲದು. 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ, 60 ಡಿಗ್ರಿ, 8–10 ನಿಮಿಷ. ಥರ್ಮಾಮೀಟರ್ ಇಟ್ಟೇ ಮಾಡಿ, ದೀಪದ ಮೇಲೆ ಅಂದಾಜಿನಲ್ಲಿ ಬೇಡ. ಹೆಚ್ಚಾದರೆ ತುದಿ ಗಂಜಿಯಾಗಿ ಬಣ್ಣ ಮಂಕಾಗುತ್ತೆ. ಕವರ್‌ಸ್ಲಿಪ್ ಮೇಲೆ ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ಕುಟ್ಟಿ, ಆಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತಿ. ಪಕ್ಕಕ್ಕೆ ಜಾರಿದರೆ ಕೋಶಗಳೆಲ್ಲ ಸುರುಳಿ.

ಎಣಿಸುವುದೇ ಉದ್ದೇಶವಾದರೆ ಫಿಕ್ಸ್ ಮಾಡುವ ಮುನ್ನ 0.002 ಮೋಲಾರ್ 8-ಹೈಡ್ರಾಕ್ಸಿಕ್ವಿನೋಲಿನ್‌ನಲ್ಲಿ 3–4 ಗಂಟೆ ಬೇರನ್ನು ಇಡಿ. ಕದಿರಿನ ಎಳೆ (ಕ್ರೋಮೋಸೋಮ್‌ಗಳನ್ನು ಎಳೆಯುವ ಸ್ಪಿಂಡಲ್) ಕಟ್ಟದೆ ಕ್ರೋಮೋಸೋಮ್‌ಗಳು ಗಿಡ್ಡವಾಗಿ ಹರಡಿ ನಿಲ್ಲುತ್ತವೆ. ಆ ಸ್ಲೈಡಿನಲ್ಲಿ ಅನಾಫೇಸ್ ಹುಡುಕಬೇಡಿ, ಸಿಗಲ್ಲ. ಅದಕ್ಕೆ ಮದ್ದು ಹಾಕದ ಬೇರು ಬೇರೆ ಇಟ್ಟುಕೊಳ್ಳಿ.